ಎಲ್ಲಿಗೆ ಎಂದು ಕೇಳಿ ಗಾಳಿ ಹಾಕುವ ರೇವಣ್ಣ

ನನ್ನ ಬಲಗಾಲಿನ ಚಪ್ಪಲಿ ಮಾದಾಪುರದ ಈಚೆ ಯಾರದೋ ಕಾಫಿ ತೋಟದಲ್ಲಿ ಈಗಲೂ ಇದೆ. ಒಂಟಿ ಕಾಲಿನ ಕಳ್ಳನೊಬ್ಬ ಕಾಫಿ ಕದಿಯಲು ಬಂದಿದ್ದ ಎಂದು ತೋಟದವರು ತಿಳಿದುಕೊಂಡಿದ್ದರೆ ಅದು ಅವರ ತಪ್ಪಲ್ಲ. ಸೋಮವಾರಪೇಟೆಯ ಟೈರ್ ಅಂಗಡಿ ರೇವಣ್ಣನವರ ಪರಿಚಯ ನನಗೆ ಸರಿಯಾಗಿ ಆದದ್ದು ಆ ಚಪ್ಪಲಿಯ ದೆಸೆಯಿಂದ. ಅದಕ್ಕೆ ಮುಂಚೆಯೂ ಅವರಲ್ಲಿ ನಾಲ್ಕಾರು ಸಲ ಗಾಳಿ ಹಾಕಿಸಿದ್ದೆ. ಆದರೆ ಕಾರಿನಿಂದ ಇಳಿದಿರಲಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ. ಸೋಮವಾರಪೇಟೆಯ ಕಾಲೇಜಿನಲ್ಲಿ ನನ್ನೊಂದಿಗೆ ಪಾಠ ಮಾಡುವವರೊಬ್ಬರ ಗೃಹಪ್ರವೇಶ ಇತ್ತು. ನಾನೂ ನನ್ನ ಹೆಂಡತಿ ಕಾತ್ಯಾಯನಿಯೂ ಗಾಳಿಬೀಡಿನ ಮನೆಯಿಂದ ಬೆಳಿಗ್ಗೆಯೇ ಹೊರಟೆವು. ಅವಳು ರೇಷ್ಮೆ ಸೀರೆಯಲ್ಲಿದ್ದಳು. ನಾನು ಪಂಚೆ ಉಟ್ಟಿದ್ದೆ, ಎಂದರೆ ಯಾವ ಸಾಹಸಕ್ಕೂ ಒದಗುವ ಉಡುಪಿನಲ್ಲಿರಲಿಲ್ಲ. ಕಾರು ನನ್ನ ಭಾವ ವಿಷ್ಣುಪ್ರಸಾದ್ ಎರಡು ವರ್ಷ ಓಡಿಸಿ ನನಗೆ ದಾಟಿಸಿದ್ದು. ಅದರೊಳಗೆ ಏನೇನಿದೆ ಎಂಬುದು ಒಂದೊಂದೇ ದೀಪ ಹೊತ್ತಿಕೊಂಡಾಗ ನನಗೆ ಗೊತ್ತಾಗುತ್ತಿತ್ತು.

ಅವತ್ತು ಹೊತ್ತಿಕೊಂಡದ್ದು ಹಳದಿ ದೀಪ. ಬೋಗುಣಿಯೊಂದನ್ನು ನಡುವೆ ಕೊಯ್ದು ಇಟ್ಟಂಥ ಆಕಾರ, ಅದರೊಳಗೆ ಒಂದು ಉದ್ಗಾರ ಚಿಹ್ನೆ. ನಾನು ಕಾನ್ವೆಂಟಿನಲ್ಲಿ ಓದಿದವನು. ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರ್ ಒಂದು ಪ್ರಬಂಧಕ್ಕೆ ಒಂದೇ ಉದ್ಗಾರ ಚಿಹ್ನೆ ಎಂದು ಪಡಿತರ ಕೊಟ್ಟಂತೆ ಕೊಟ್ಟಿದ್ದರು. ಎರಡನೆಯದು ಕಂಡರೆ ಕೈಗೆಣ್ಣಿನ ಮೇಲೆ ಸ್ಕೇಲು ಬೀಳುತ್ತಿತ್ತು. ಹಾಗಾಗಿ ಆ ಚಿಹ್ನೆ ಎಲ್ಲಿ ಕಂಡರೂ ನನಗೆ ಮೊದಲು ಗೆಣ್ಣು ಚುರುಗುಟ್ಟುತ್ತದೆ, ಆಮೇಲೆ ಅರ್ಥ ಹೊಳೆಯುತ್ತದೆ. ಅವತ್ತು ಅರ್ಥ ಹೊಳೆಯುವಷ್ಟರಲ್ಲಿ ಮಡಿಕೇರಿ ಕಳೆದು ಮಕ್ಕಂದೂರೂ ದಾಟಿತ್ತು. ಟೈರಿನಲ್ಲಿ ಗಾಳಿ ಕಡಿಮೆ ಇದೆ ಎಂದು ಆ ದೀಪ ಹೇಳುತ್ತಿತ್ತು. ಗಾಳಿಬೀಡಿನವನ ಕಾರಿನಲ್ಲಿ ಗಾಳಿಯಿಲ್ಲ ಎಂದರೆ ಊರಿನ ಮಾನದ ಪ್ರಶ್ನೆ. ಒಂದು ತಿರುವಿನಲ್ಲಿ ಕಾರು ನಿಲ್ಲಿಸಿ ಕಾತ್ಯಾಯನಿಯನ್ನೂ ಇಳಿಸಿದೆ. ಭಾರ ಕಡಿಮೆಯಾದರೆ ಟೈರಿಗೆ ಒಳ್ಳೆಯದು ಎಂಬ ಕಾರಣವನ್ನು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಅಷ್ಟು ಬುದ್ಧಿ ನನಗಿದೆ.

ಲಾರಿಯವರು ಟೈರನ್ನು ಒದ್ದು ನೋಡುವುದನ್ನು ಕಂಡಿದ್ದೆ. ಪಂಚೆ ಎತ್ತಿ ಕಟ್ಟಿ ನಾನೂ ಒದ್ದೆ. ಮೂರು ಟೈರುಗಳು ಒದೆ ತಿಂದು ಸುಮ್ಮನಿದ್ದವು. ನಾಲ್ಕನೆಯದು ವಾಪಸ್ಸು ಕೊಟ್ಟಿತು. ಚಪ್ಪಲಿ ಕಾಲಿನಿಂದ ಕಳಚಿ, ರಸ್ತೆಯಂಚಿನ ಕಲ್ಲಿನ ಮೇಲೆ ಹಾರಿ, ಸಿಲ್ವರ್ ಓಕ್ ಮರಗಳ ನಡುವಿನಿಂದ ಇಳಿಜಾರಿಗೆ ಹೋಯಿತು. ಅದು ಬಿದ್ದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು.

"ಟೈರಿನ ವಿಷಯ ನನಗೆ ಗೊತ್ತಿಲ್ಲ ರೀ, ಚಪ್ಪಲಿಯಲ್ಲಂತೂ ಗಾಳಿ ಚೆನ್ನಾಗಿಯೇ ಇತ್ತು" ಎಂದಳು ಕಾತ್ಯಾಯನಿ.

ಮತ್ತೆ ಕಾರು ಹತ್ತಿದೆವು. ಸ್ವಲ್ಪ ದೂರ ಹೋದ ಮೇಲೆ ನೋಡಿದರೆ ದೀಪ ಇಲ್ಲ. ತಾನು ಹೊತ್ತಿಕೊಂಡದ್ದು ಈ ಮನುಷ್ಯನ ಚಪ್ಪಲಿಗಾಗಿ, ಅದು ಸಿಕ್ಕಿತಲ್ಲ ಎಂಬಂತೆ ಆರಿಹೋಗಿತ್ತು.

ಸೋಮವಾರಪೇಟೆಯಲ್ಲಿ ಮಡಿಕೇರಿ ರಸ್ತೆಯ ಮಗ್ಗುಲಿಗೆ ರೇವಣ್ಣನವರ ಅಂಗಡಿ. ಒಂದು ಶೆಟರು, ಒಂದು ಕಂಪ್ರೆಸರು, ಪಂಕ್ಚರ್ ಹುಡುಕಲು ನೀರು ತುಂಬಿದ ಅರ್ಧ ಡ್ರಮ್ಮು, ಮೇಲೆ ಬೋರ್ಡಿನ ಬದಲು ನೇತುಹಾಕಿದ ಲಾರಿ ಟೈರು. ರೇವಣ್ಣನವರಿಗೆ ಐವತ್ತೆಂಟು ವರ್ಷ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಗ್ರೀಸು. ಎರಡೂ ತಮ್ಮ ತಮ್ಮ ಗಡಿ ದಾಟದಂತೆ ನೋಡಿಕೊಳ್ಳುವುದೇ ಅವರ ಶಿಸ್ತು. ಮಾತು ಕಡಿಮೆ. ಅವರೊಂದಿಗೆ ಮಾತಾಡುವವರು ಅವರ ಎಡಗಡೆ ನಿಂತೇ ಮಾತಾಡಬೇಕು ಎಂಬ ರೂಢಿ ಪೇಟೆಯಲ್ಲಿತ್ತು. ಹಿರಿಯರಿಗೆ ತೋರಿಸುವ ಮರ್ಯಾದೆ ಇರಬೇಕೆಂದು ಆಮೇಲೆ ನಾನೂ ಹಾಗೆಯೇ ಮಾಡತೊಡಗಿದೆ.

ಒಂದು ಕಾಲಿಗೆ ಚಪ್ಪಲಿ ಇಲ್ಲದೆ ಇಳಿದು ನಿಂತವನನ್ನು ಅವರು ಕೆಳಗಿನಿಂದ ಮೇಲಕ್ಕೆ ನೋಡಿದರು. ನಾನು ದೀಪದ ಕಥೆ ಹೇಳತೊಡಗಿದೆ. ಚಕ್ರದೊಳಗೆ ಸೆನ್ಸರ್ ಎಂಬುದಿರುತ್ತದೆ, ಅದು ಗಾಳಿಯ ಒತ್ತಡವನ್ನು ಅಳೆದು ಮುಂದಕ್ಕೆ ಸುದ್ದಿ ಕಳಿಸುತ್ತದೆ, ಹೀಗೆ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು. ಐವತ್ತು ನಿಮಿಷಕ್ಕೆ ಮುಂಚೆ ಯಾವ ವಿಷಯವನ್ನೂ ಮುಗಿಸಲು ನನಗೆ ಬರುವುದಿಲ್ಲ. ಎರಡನೆಯ ನಿಮಿಷಕ್ಕೇ ರೇವಣ್ಣ ಕುಕ್ಕರಗಾಲಲ್ಲಿ ಕೂತು, ಮುಂದಿನ ಬಲಚಕ್ರಕ್ಕೆ ಬಲಗಿವಿ ಆನಿಸಿ, ಕಣ್ಣು ಮುಚ್ಚಿದರು. ನನ್ನ ಮಾತು ತಾನಾಗಿ ನಿಂತಿತು. ವೈದ್ಯರು ಎದೆಗೆ ಕೊಳವೆ ಇಟ್ಟಾಗ ರೋಗಿ ಸುಮ್ಮನಾಗುವುದಿಲ್ಲವೇ, ಹಾಗೆ.

"ಗಾಳಿ ಐತೆ. ದೀಪ ಎಲ್ಲಿ?" ಎಂದರು ಎದ್ದು.

ಈಗ ತಾನೇ ಇತ್ತು ಎಂದೆ. ಆಸ್ಪತ್ರೆಗೆ ಬಂದ ಕೂಡಲೇ ಜ್ವರ ಬಿಟ್ಟ ರೋಗಿಯ ಹಾಗೆ ನನ್ನ ಕಾರು ನನ್ನನ್ನೇ ಸುಳ್ಳನನ್ನಾಗಿ ಮಾಡಿತ್ತು. ಆದ್ದರಿಂದ ಸೆನ್ಸರ್ ಬಗ್ಗೆ ಉಳಿದ ನಲವತ್ತೆಂಟು ನಿಮಿಷಗಳನ್ನು ಮುಂದುವರಿಸಿದೆ. ರೇವಣ್ಣ ಮತ್ತೆ ಕೂತು ಇನ್ನೊಮ್ಮೆ ಕಿವಿ ಇಟ್ಟರು. ಉಳಿದವರ ಗಾಡಿಗೆ ಅವರು ಒಂದೇ ಸಲ ಕಿವಿ ಇಡುವುದನ್ನು ನೋಡಿದ್ದೆ. ನನ್ನ ಕಾರಿನ ಮೇಲೆ ಅವರಿಗೆ ವಿಶೇಷ ಕಾಳಜಿ ಎಂದು ಒಳಗೊಳಗೇ ಹೆಮ್ಮೆಯಾಯಿತು.

ಅಷ್ಟರಲ್ಲಿ ಅವರ ಹೆಂಡತಿ ಶಿವಮ್ಮ ಒಳಗಿನಿಂದ ಒಂದು ಜೊತೆ ಚಪ್ಪಲಿ ತಂದು ನನ್ನ ಮುಂದಿಟ್ಟರು. ಹಳೆಯ ಜೀಪ್ ಟೈರನ್ನು ಕೊಯ್ದು ರೇವಣ್ಣನವರೇ ಮಾಡಿದ್ದು. ಗೃಹಪ್ರವೇಶದ ಮನೆಯಲ್ಲಿ ಅದನ್ನು ಯಾರೂ ಕದಿಯಲಿಲ್ಲ. ನಾನು ನಡೆದ ಕಡೆಯೆಲ್ಲ ಅವರ ಹೊಸ ಅಂಗಳದಲ್ಲಿ ಜೀಪು ಹೋದ ಗುರುತು ಬಿತ್ತು ಎಂದು ಕಾತ್ಯಾಯನಿ ಇವತ್ತಿಗೂ ಹೇಳುತ್ತಾಳೆ.

ಚಪ್ಪಲಿ ಹಿಂದಿರುಗಿಸಲು ಹೋದವನಿಗೆ ಶಿವಮ್ಮ ಬೆಲ್ಲದ ಕರಿಕಾಪಿ ಕೊಟ್ಟರು. ಹಾಗೆ ಆರಂಭವಾದ ಕಾಪಿ ನಿಲ್ಲಲಿಲ್ಲ. ಮನೆಯಲ್ಲಿ ಮಾತಿನ ಇಲಾಖೆ ಪೂರ್ತಿ ಶಿವಮ್ಮನವರದೇ. ರೇವಣ್ಣನವರ ಬಗ್ಗೆ ನನಗೆ ತಿಳಿದದ್ದೆಲ್ಲ ಹೆಚ್ಚಾಗಿ ಆಕೆ ಹೇಳಿದ್ದು.

ರೇವಣ್ಣ ಶನಿವಾರಸಂತೆ ಕಡೆಯ ಹಳ್ಳಿಯವರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಕಾಲು ಪಂಪು ಹಿಡಿದುಕೊಂಡು ಸೋಮವಾರಪೇಟೆ ಬಸ್‌ಸ್ಟ್ಯಾಂಡಿನ ಪಕ್ಕ ಸೈಕಲ್ಲುಗಳಿಗೆ ಗಾಳಿ ಹಾಕಲು ಕೂತರು. ಆಮೇಲೆ ಮರ ಸಾಗಿಸುವ ಲಾರಿಗಳು, ಆಮೇಲೆ ಎಸ್ಟೇಟ್ ಜೀಪುಗಳು. ಒಂದು ವರ್ಷ ಕಾಫಿ ಕೊಯ್ಯುವ ಪಿಕ್ಕಿಂಗ್ ಸಮಯದಲ್ಲಿ ಅಕಾಲದ ಮಳೆ ಬಿದ್ದು, ಚೆಟ್ಟಳ್ಳಿ ಕಡೆಯ ಎಸ್ಟೇಟೊಂದಕ್ಕೆ ಹೊರಟ ಜೀಪು, ಹಿಂದೆ ತುಂಬ ಕೆಲಸದ ಹೆಂಗಸರು, ಏರಿನ ಕೆಸರಿನಲ್ಲಿ ಹೂತು ನಿಂತಿತಂತೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಗಾಡಿ ತಳ್ಳಿಸಲು ಜನ ಕೂಗುತ್ತಿದ್ದಾಗ, ಅದೇ ಜೀಪಿನಲ್ಲಿ ಟೈರು ಬಿಚ್ಚಲೆಂದು ಹೊರಟಿದ್ದ ರೇವಣ್ಣ ಇಳಿದು ಹೋಗಿ ನಾಲ್ಕೂ ಚಕ್ರದ ಗಾಳಿಯನ್ನು ಒಂದಿಷ್ಟು ಬಿಟ್ಟರು. ಇದ್ದ ಗಾಳಿಯನ್ನೂ ತೆಗೆದ ಎಂದು ರೈಟರು ಬೈಯುತ್ತಿರುವಾಗಲೇ ಜೀಪು ಬೆಕ್ಕಿನ ಹಾಗೆ ಮೆತ್ತಗೆ ಏರು ಹತ್ತಿತು.

ಅಂದಿನಿಂದ ರೇವಣ್ಣ ಗಾಳಿ ಹಾಕುವ ಮುಂಚೆ ಎಷ್ಟು ಎಂದು ಯಾರನ್ನೂ ಕೇಳಿದವರಲ್ಲ. ಎಲ್ಲಿಗೆ ಎಂದು ಕೇಳುತ್ತಿದ್ದರು. ಮೈಸೂರು ಎಂದರೆ ಬಿಗಿ. ಕುಶಾಲನಗರ ಎಂದರೆ ಅದಕ್ಕಿಂತ ಒಂದೆಳೆ ಸಡಿಲ. ಮಲ್ಲಳ್ಳಿ ಜಲಪಾತ ಎಂದರೆ, ಏರು ಇಳಿವು ಕಲ್ಲು ಕೆಸರು ಎಲ್ಲ ಇರುವ ದಾರಿಯಾದ್ದರಿಂದ, ಮೆತ್ತಗೆ. ಮುಂಗಾರಿನಲ್ಲಿ ಇನ್ನೂ ಮೆತ್ತಗೆ. ಡ್ರೈವರುಗಳೂ ಅದಕ್ಕೆ ಒಗ್ಗಿ, ಮಲ್ಲಳ್ಳಿ ಗಾಳಿ ಹಾಕಿ ರೇವಣ್ಣ, ಮೈಸೂರು ಗಾಳಿ ಹಾಕಿ ರೇವಣ್ಣ ಎಂದು ಹೋಟೆಲಿನಲ್ಲಿ ತಿಂಡಿ ಹೇಳುವ ಹಾಗೆ ಹೇಳುತ್ತಿದ್ದರು. ನಾನು ಮೊದಲ ಸಲ ಹೋದಾಗಲೂ ಎಲ್ಲಿಗೆ ಎಂದಿದ್ದರು. ಗಾಳಿಬೀಡು, ಮನೆಗೆ ಹತ್ತುವ ದಾರಿ ಮಣ್ಣಿನದು ಎಂದಿದ್ದೆ. ನನಗೆ ಸಿಕ್ಕಿದ್ದೂ ಮೆತ್ತನೆಯ ಗಾಳಿ. ಮನೆಯ ಏರಿನಲ್ಲಿ ಕಾರು ಸಲೀಸಾಗಿ ಹತ್ತಿದ್ದನ್ನು ಕಂಡು ಅದು ನನ್ನ ಚಾಲನೆಯ ಸುಧಾರಣೆ ಎಂದು ತಿಳಿದಿದ್ದೆ.

ಒಂದು ದಿನ ಶಿವಮ್ಮನವರ ಕಾಪಿಯಲ್ಲಿ ಬೆಲ್ಲ ಇರಲಿಲ್ಲ. ಹಾಕಲು ಮರೆತಿದ್ದರು. ಕಾರಣ ಕೇಳಿದೆ.

ಕಾರಣ ನನ್ನ ಹಳದಿ ದೀಪವೇ. ಟ್ಯಾಕ್ಸಿ ಸ್ಟ್ಯಾಂಡಿನ ಹನ್ನೆರಡು ಗಾಡಿಗಳು ಇಪ್ಪತ್ತು ವರ್ಷದಿಂದ ರೇವಣ್ಣನವರ ಗಿರಾಕಿಗಳು. ಅಂಗಡಿ ನಡೆಯುವುದೇ ಅವರಿಂದ. ಈಚೆಗೆ ಅವರೆಲ್ಲ ಹೊಸ ಗಾಡಿ ತೆಗೆದುಕೊಂಡಿದ್ದರು, ಎಲ್ಲದರಲ್ಲೂ ಸೆನ್ಸರು. ರೇವಣ್ಣನವರ ಕೈಯಲ್ಲಿ ಗಾಳಿ ಹಾಕಿಸಿಕೊಂಡು ಹೋದ ಗಾಡಿ ಮರುದಿನ ಬೆಳಿಗ್ಗೆ ಹಳದಿ ದೀಪ ಹಚ್ಚಿಕೊಂಡು ನಿಲ್ಲುತ್ತಿತ್ತು. ಹೋಂಸ್ಟೇ ಬಾಗಿಲಿಗೆ ಬಂದ ಗಾಡಿಯಲ್ಲಿ ದೀಪ ಕಂಡರೆ ಪ್ರವಾಸಿಗಳು ಹತ್ತುವುದಿಲ್ಲ. ಫೋಟೋ ಹೊಡೆದು ಹೋಂಸ್ಟೇಯವರಿಗೆ ಕಳಿಸುತ್ತಾರೆ. ಕುಶಾಲನಗರದಲ್ಲಿ ಕಂಪ್ಯೂಟರ್ ಇಟ್ಟುಕೊಂಡ ದೊಡ್ಡ ಟೈರ್ ಶೋರೂಮ್ ಆಗಿತ್ತು. ಸ್ಟ್ಯಾಂಡಿನ ಅಧ್ಯಕ್ಷ ಜಯಪ್ರಕಾಶ್ ಬಂದು, ಮುಂದಿನ ಸೋಮವಾರ ಬೆಳಿಗ್ಗೆ ತನ್ನ ಗಾಡಿಯ ದೀಪ ಆರಿಸಿ ತೋರಿಸಿ, ಆಗದಿದ್ದರೆ ದಸರಾದಿಂದ ನಾವೆಲ್ಲ ಕುಶಾಲನಗರಕ್ಕೆ ಹೋಗುತ್ತೇವೆ, ಬೇಜಾರು ಮಾಡ್ಕೋಬೇಡಿ ಎಂದು ಹೇಳಿ ಹೋಗಿದ್ದ.

"ಹನ್ನೆರಡು ಗಾಡಿ ಹೋದ್ರೆ ನಾವು ಈ ಶೆಟರ್ ಎತ್ತದು ಯಾರಿಗೆ ಮೇಷ್ಟ್ರೇ?" ಎಂದರು ಶಿವಮ್ಮ. ಟೈರನ್ನೇ ನಂಬಿದವರನ್ನು ರಿಟೈರ್ ಮಾಡಲು ಬೆರಳಿನಷ್ಟು ದೀಪ ಸಾಕಾಯಿತಲ್ಲ ಎನ್ನಬೇಕೆನ್ನಿಸಿತು. ಆಕೆಯ ಮುಖ ನೋಡಿ ನುಂಗಿಕೊಂಡೆ.

ರೇವಣ್ಣ ಬಾಯಿಬಿಟ್ಟು ನನ್ನಲ್ಲಿ ಕೇಳಿದ ಸಹಾಯ ಅದೊಂದೇ. ಜಯಪ್ರಕಾಶನದೂ ನನ್ನದೂ ಒಂದೇ ಜಾತಿಯ ಕಾರು. ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ ನನ್ನ ಹತ್ತಿರ ಇರಬಹುದಲ್ಲ, ಅದರಲ್ಲಿ ದೀಪ ಆರಿಸುವುದು ಹೇಗೆ ಎಂದು ಬರೆದಿರುತ್ತದೆ, ಓದಿ ಹೇಳಿದರೆ ತಾನು ಮಾಡುತ್ತೇನೆ ಎಂದರು.

ನನಗೆ ಬೇಕಾದದ್ದೂ ಅದೇ. ಕಾನ್ವೆಂಟಿನ ವಿದ್ಯೆಗೆ ಸಮಾಜದಲ್ಲಿ ಒಂದು ಉಪಯೋಗ ಸಿಕ್ಕಿ ಬಹಳ ಕಾಲವಾಗಿತ್ತು. ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ, ನಾನೂರು ಪುಟದ ಪುಸ್ತಕವನ್ನು ಮಠದವರು ಗ್ರಂಥ ಹಿಡಿಯುವಂತೆ ಹಿಡಿದು ಅಂಗಡಿಗೆ ಹೋದೆ. ಟೈರಿನ ಅಧ್ಯಾಯದಲ್ಲಿ ಸೆನ್ಸರ್ ರೀಸೆಟ್ ಮಾಡುವ ಕ್ರಮವನ್ನು ಐದು ನಂಬರುಗಳಲ್ಲಿ ಕೊಟ್ಟಿದ್ದರು. ಒಂದನೆಯದು ಶುರು ಮಾಡುವ ಮುಂಚೆ ಎಂದು ಆರಂಭವಾಗುತ್ತಿತ್ತು. ಇಂಥ ಪುಸ್ತಕಗಳಲ್ಲಿ ಒಂದನೆಯ ನಂಬರು ಯಾವಾಗಲೂ ಏನೂ ತಿಳಿಯದವರಿಗೆ. ಕೈ ತೊಳೆದುಕೊಳ್ಳಿ, ಮಕ್ಕಳಿಂದ ದೂರವಿಡಿ, ಇತ್ಯಾದಿ. ನಾನು ಎರಡರಿಂದ ಶುರು ಮಾಡಿದೆ.

ಎರಡು, ಚಾವಿ ತಿರುಗಿಸಿ, ಎಂಜಿನ್ ಬೇಡ. ಮೂರು, ಸ್ಟೀರಿಂಗಿನ ಕೆಳಗೆ ಸೆಟ್ ಎಂದು ಬರೆದ ಗುಂಡಿ ಹುಡುಕಿ. ಅದನ್ನು ಹುಡುಕುವಾಗ ನಾನು ಬಾನೆಟ್ ತೆಗೆದೆ, ಡಿಕ್ಕಿ ತೆಗೆದೆ, ಪೆಟ್ರೋಲ್ ಮುಚ್ಚಳ ತೆಗೆದೆ. ರೇವಣ್ಣ ಬಗ್ಗಿ ಗುಂಡಿ ತೋರಿಸಿದರು. ನಾಲ್ಕು, ದೀಪ ಮೂರು ಸಲ ಮಿಟುಕುವ ತನಕ ಗುಂಡಿ ಒತ್ತಿ ಹಿಡಿಯಿರಿ. ಒತ್ತಿ ಹಿಡಿದೆ. ದೀಪ ಮೂರು ಸಲ ಕಣ್ಣು ಹೊಡೆದು ಆರಿತು. ಐದು, ಕಾರನ್ನು ಸ್ವಲ್ಪ ದೂರ ಓಡಿಸಿ. ಬಸ್‌ಸ್ಟ್ಯಾಂಡಿನ ತನಕ ಓಡಿಸಿಕೊಂಡು ಬಂದೆ. ದೀಪದ ಸುಳಿವಿಲ್ಲ.

ಶಿವಮ್ಮ ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ ಮಾಡಿ ಬಡಿಸಿದರು. ನಾನು ರೊಟ್ಟಿ ತಿನ್ನುತ್ತಾ, ವಿದ್ಯೆ ಎಂದರೇನು ಎಂಬುದರ ಬಗ್ಗೆ ನಾಲ್ಕು ಮಾತು ಹೇಳಿದೆ. ರೇವಣ್ಣ ಎದ್ದುಹೋಗಿ, ಯಾರದೋ ಬಿಚ್ಚಿಟ್ಟ ಟೈರಿಗೆ ಕಿವಿ ಇಟ್ಟು ಕೂತರು.

ಭಾನುವಾರ ಬೆಳಿಗ್ಗೆ ಹಾಲು ತರಲು ಹೊರಟು ಚಾವಿ ತಿರುಗಿಸಿದೆ. ಚಳಿಗೆ ಗಾಜೆಲ್ಲ ಮಂಜು ಹಿಡಿದಿತ್ತು. ಆ ಮಂಜಿನಲ್ಲಿ ಹಳದಿ ದೀಪ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಕಾಣಿಸಿತು.

ಆಗಲೇ ನಾನು ರೇವಣ್ಣನವರಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಇದು ಸಣ್ಣ ತಪ್ಪಲ್ಲ, ಮುಚ್ಚಿಡುವುದೂ ಇಲ್ಲ. ಹಿಂದಿನ ದಿನ ಅಷ್ಟು ರೊಟ್ಟಿ ತಿಂದು ಅಷ್ಟು ಉಪದೇಶ ಮಾಡಿದವನು, ಅದು ಕೆಲಸ ಮಾಡಲಿಲ್ಲ ರೇವಣ್ಣ ಎಂದು ಹೇಳುವುದು ಹೇಗೆ? ನನ್ನ ಕಾರು ಹಳೆಯದು, ಜಯಪ್ರಕಾಶನದು ಹೊಸದು, ಅದಕ್ಕೆ ಹೀಗಾಗಲಿಕ್ಕಿಲ್ಲ ಎಂದು ನನಗೇ ಸಮಾಧಾನ ಹೇಳಿಕೊಂಡೆ. ಕಾರಿನಲ್ಲಿ ನಾಲ್ಕು ಸೆನ್ಸರ್ ಇದ್ದು ಮಾಲೀಕನಲ್ಲಿ ಒಂದೂ ಸೆನ್ಸ್ ಇಲ್ಲದಿದ್ದರೆ ಹೀಗೇ ಆಗುವುದು. ಕಾತ್ಯಾಯನಿ ದೀಪ ನೋಡಿದಳು, ನನ್ನನ್ನು ನೋಡಿದಳು.

"ಅವರಿಗೆ ಹೇಳಿದ್ರಾ?"

ನಾಳೆ ಹೇಗೂ ಹೋಗುತ್ತೇನಲ್ಲ ಎಂದೆ.

"ನಿಮ್ಮ ಮರ್ಯಾದೆ ಉಳಿಸ್ಕೊಳ್ಳೋಕೆ ಅವರ ಅಂಗಡಿ ಬೇಕಾ?" ಎಂದು ಕೇಳಿ ಒಳಗೆ ಹೋದಳು. ಅವಳು ಹಾಗೆ ಮೆತ್ತಗೆ ಮಾತಾಡಿದರೆ ನನ್ನ ರಕ್ತದ ಒತ್ತಡ ತಾನಾಗಿ ಏರುತ್ತದೆ. ಅದಕ್ಕೆ ದೀಪ ಬೇಡ.

ಸೋಮವಾರ ಬೆಳಿಗ್ಗೆ ಬೇಗನೇ ಹೊರಟೆ. ಅವತ್ತು ಸಂತೆ ಬೇರೆ. ನಾನು ತಲುಪುವಾಗ ಜಯಪ್ರಕಾಶನ ಗಾಡಿ ಅಂಗಡಿಯ ಮುಂದೆ ನಿಂತಿತ್ತು. ಸ್ಟ್ಯಾಂಡು ಅಲ್ಲಿಂದ ಕೂಗಳತೆ. ರಾತ್ರಿಯಿಡೀ ನಿಂತಿದ್ದ ಗಾಡಿ ಎದ್ದು ಬಂದಿದೆ ಅಷ್ಟೆ, ದೀಪ ಕಣ್ಣು ಬಿಟ್ಟುಕೊಂಡೇ ಇತ್ತು. ಸುತ್ತ ಏಳೆಂಟು ಡ್ರೈವರುಗಳು, ಅವರ ಹಿಂದೆ ಸಂತೆಗೆ ಬಂದ ಜನ. ಶಿವಮ್ಮ ಬಾಗಿಲಲ್ಲಿ ನಿಂತಿದ್ದರು. ಭಾನುವಾರದ ದೀಪದ ವಿಷಯ ಹೇಳಲು ಬಾಯಿ ತೆರೆದೆ. ಮೇಷ್ಟ್ರು ಬಂದ್ರು, ದಾರಿ ಬಿಡಿ ಎಂದು ಶಿವಮ್ಮ ಜನರನ್ನು ಸರಿಸಿದರು. ತೆರೆದ ಬಾಯಿಂದ ಎರಡನೆಯ ನಂಬರು ಹೊರಗೆ ಬಂತು.

ಜಯಪ್ರಕಾಶನ ಗಾಡಿಯ ಡ್ರೈವರ್ ಬದಿಯ ಬಾಗಿಲನ್ನು ಅಗಲಕ್ಕೆ ತೆರೆದಿಟ್ಟು, ಚಾವಿ ತಿರುಗಿಸಿ, ಗುಂಡಿ ಒತ್ತಿ ಹಿಡಿದೆ. ದೀಪ ಮೂರು ಸಲ ಮಿಟುಕಿ ಆರಿತು. ಯಾರೋ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ಮೊದಲೇ ದೀಪ ಮತ್ತೆ ಹೊತ್ತಿಕೊಂಡಿತು.

ಇನ್ನೊಮ್ಮೆ ಒತ್ತಿದೆ. ಇನ್ನೊಮ್ಮೆ ಹೊತ್ತಿಕೊಂಡಿತು. ಮೂರನೆಯ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಷ್ಟ್ರು ಕಾಲಿಂಗ್ ಬೆಲ್ ಒತ್ತಿದಂಗೆ ಒತ್ತತಾವ್ರೆ, ಒಳಗೆ ಯಾರೂ ಇಲ್ಲ ಅನ್ನಿಸ್ತದೆ ಎಂದ ಒಬ್ಬ ಡ್ರೈವರು. ನಾನು ಇನ್ನೂ ಗಟ್ಟಿಯಾಗಿ ಓದತೊಡಗಿದೆ. ಕಾರಿಗೆ ಇಂಗ್ಲಿಷ್ ಸರಿಯಾಗಿ ಕೇಳಿಸಿಲ್ಲ ಎಂಬಂತೆ. ಜಯಪ್ರಕಾಶ್ ಗಡಿಯಾರ ನೋಡಿಕೊಂಡ. ಕುಶಾಲನಗರದಲ್ಲಿ ಒಂದು ಯಂತ್ರ ಇಟ್ಟರೆ ಆಯಿತಂತೆ ಎಂದು ಇನ್ನೊಬ್ಬನಿಗೆ ಹೇಳಿದ. ಮೆಲ್ಲಗೆ ಹೇಳಿದ್ದ, ಆದರೆ ಶಿವಮ್ಮನವರಿಗೆ ಕೇಳಿಸಿತು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವರು ಗಂಡನನ್ನೇ ನೋಡುತ್ತಿದ್ದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಎಲ್ಲರಿಗಿಂತ ಹೆಚ್ಚು ನಾನು.

ಆಗ ರೇವಣ್ಣ ಕೂತರು. ಮುಂದಿನ ಬಲಚಕ್ರದ ಹತ್ತಿರ, ಕಾರಿನ ಹಿಂಭಾಗಕ್ಕೆ ಮುಖ ಮಾಡಿ, ಚಕ್ರಕ್ಕೆ ಬಲಗಿವಿ ಆನಿಸಿ. ಈ ಸಲ ಕಣ್ಣು ಮುಚ್ಚಲಿಲ್ಲ.

ಮಾತು ಒಂದೊಂದಾಗಿ ನಿಂತಿತು. ಕೊನೆಗೆ ನನ್ನದೂ. ಸಂತೆಯ ಮೂಲೆಯಲ್ಲಿ ಯಾರೋ ಹಸಿಮೆಣಸಿನಕಾಯಿ ಕೂಗುವುದು ಮಾತ್ರ ಕೇಳುತ್ತಿತ್ತು. ರೇವಣ್ಣ ಬಹಳ ಹೊತ್ತು ಹಾಗೆಯೇ ಕೂತಿದ್ದರು. ಆಮೇಲೆ ಎದ್ದು, ಪ್ಯಾಂಟಿನ ಮಂಡಿ ಕೊಡವಿ, ಕಂಪ್ರೆಸರಿನ ಪೈಪು ಎಳೆದುಕೊಂಡು ಬಂದರು. ಚಕ್ರಕ್ಕೆ ಮೀಟರು ಕಚ್ಚಿಸಿ ನೋಡಿದರು, ಇಪ್ಪತ್ತನಾಲ್ಕು. ಅದಕ್ಕೆ ಗಾಳಿ ತುಂಬಿ ಮೂವತ್ತಮೂರಕ್ಕೆ ತಂದು ನಿಲ್ಲಿಸಿದರು. ಮತ್ತೊಂದಕ್ಕೆ ಹೋದರು. ನಾಲ್ಕಕ್ಕೂ ಮೂವತ್ತಮೂರು.

"ಮಲ್ಲಳ್ಳಿಗೆ ಹೋಗದು ರೇವಣ್ಣ, ಅಷ್ಟೊಂದು ಬಿಗಿ ಯಾಕೆ?" ಎಂದ ಜಯಪ್ರಕಾಶ್. ಇಪ್ಪತ್ತು ವರ್ಷ ಅವನಿಗೆ ಮಲ್ಲಳ್ಳಿ ಗಾಳಿ ಹಾಕಿದ ಕೈ ಅದು.

"ಎಲ್ಲಿಗೆ ಹೋದ್ರೂ ಇದಕ್ಕೆ ಅಷ್ಟೇ ಬೇಕು. ಇದು ದಾರಿ ಕೇಳಲ್ಲ" ಎಂದರು ರೇವಣ್ಣ. ಅವರ ದನಿ ಸ್ವಲ್ಪ ಕುಗ್ಗಿತ್ತು. ನನ್ನ ಕಡೆ ತಿರುಗಿ, ಈಗ ಒತ್ತಿ ಎಂದರು.

ಒತ್ತಿದೆ. ಮೂರು ಸಲ ಮಿಟುಕಿ ಆರಿತು. ಮಾದಾಪುರದ ತನಕ ಹೋಗಿಬಾ ಎಂದು ಜಯಪ್ರಕಾಶನನ್ನು ಕಳಿಸಿದರು.

ಅವನು ಹೋಗಿ ಬರುವ ತನಕ ನನಗೆ ಮಾಡಲು ಬೇರೆ ಕೆಲಸವಿರಲಿಲ್ಲ. ಅಂಗಡಿಯ ಹಿಂದೆ ಹೋಗಿ ಟೈರಿನ ಮೇಲೆ ಕೂತು ಒಂದನೆಯ ನಂಬರನ್ನು ಓದಿದೆ. ಶುರು ಮಾಡುವ ಮುಂಚೆ, ಟೈರುಗಳು ತಣ್ಣಗಿರುವಾಗ, ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಬರೆದಷ್ಟೇ ಗಾಳಿಯನ್ನು ನಾಲ್ಕಕ್ಕೂ ತುಂಬಿ. ಇಲ್ಲದಿದ್ದರೆ ಮುಂದಿನ ಯಾವ ಕ್ರಮದಿಂದಲೂ ಪ್ರಯೋಜನವಿಲ್ಲ. ಕೊನೆಯಲ್ಲಿ ಒಂದು ಉದ್ಗಾರ ಚಿಹ್ನೆ. ಗೆಣ್ಣು ಚುರುಗುಟ್ಟಿತು.

ಎಲ್ಲ ಬಿಡಿಸಿಕೊಂಡಿತು. ರೇವಣ್ಣನವರ ಮೆತ್ತನೆಯ ಗಾಳಿ ಮಧ್ಯಾಹ್ನದ ಬಿಸಿಲಿಗೆ, ಓಡಿದ ಟೈರಿನ ಕಾವಿಗೆ ಹಿಗ್ಗಿ ಸೆನ್ಸರಿನ ಗೆರೆಯ ಮೇಲೆಯೇ ಇರುತ್ತಿತ್ತು. ಬೆಳಗಿನ ಚಳಿಗೆ ಕುಗ್ಗಿ ಗೆರೆಯಿಂದ ಕೆಳಗಿಳಿದರೆ ದೀಪ ಹತ್ತುತ್ತಿತ್ತು. ನಲವತ್ತು ಕಿಲೋಮೀಟರ್ ಓಡಿ ಬಿಸಿಯಾಗಿ ಅಂಗಡಿ ತಲುಪುವಷ್ಟರಲ್ಲಿ ಆರುತ್ತಿತ್ತು. ನನ್ನ ಕಾರು ಸುಳ್ಳು ಹೇಳಿರಲಿಲ್ಲ. ದಾರಿ ನೋಡಿ ಗಾಳಿ ಹಾಕುವವರ ಕೈಗೂ, ದಾರಿಯೇ ತಿಳಿಯದ ಸೆನ್ಸರಿಗೂ ಜಗಳ ಬಿದ್ದಿತ್ತು. ಆ ಜಗಳಕ್ಕೆ ಪಂಚಾಯಿತಿ ಮಾಡಲು ಹೋದವನು ಒಂದನೆಯ ನಂಬರನ್ನೇ ಓದಿರಲಿಲ್ಲ.

ಹೊರಗೆ ಬಂದು ಶಿವಮ್ಮನವರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಒಂದನೆಯ ನಂಬರನ್ನು ಬಿಟ್ಟದ್ದು, ಭಾನುವಾರವೇ ದೀಪ ಬಂದದ್ದು, ಹೇಳದೆ ಇದ್ದದ್ದು. ಅವರು ಕಾಪಿ ಕೊಟ್ಟರು. ಅದರಲ್ಲಿ ಬೆಲ್ಲ ಇರಲಿಲ್ಲ, ಈ ಸಲ ಮರೆತದ್ದಲ್ಲ.

ಜಯಪ್ರಕಾಶ್ ಮಾದಾಪುರದಿಂದ ಬಂದಾಗ ದೀಪ ಇರಲಿಲ್ಲ. ನಾಳೆ ಬೆಳಿಗ್ಗೆ ನೋಡಿ ಹೇಳುತ್ತೇನೆ ಎಂದು ಹೋದ. ಆ ರಾತ್ರಿ ರೇವಣ್ಣನವರ ಮನೆಯಲ್ಲಿ ಯಾರು ಎಷ್ಟು ಮಲಗಿದರೋ, ನಾನಂತೂ ಗಾಳಿಬೀಡಿನಲ್ಲಿ ಎದ್ದು ಎದ್ದು ಚಳಿ ಎಷ್ಟಿದೆ ಎಂದು ಕಿಟಕಿ ತೆರೆದು ನೋಡುತ್ತಿದ್ದೆ. ಬೆಳಿಗ್ಗೆ ಏಳು ಗಂಟೆಗೆ ಶಿವಮ್ಮ ಫೋನ್ ಮಾಡಿದರು. ಜಯಪ್ರಕಾಶ್ ದೀಪವಿಲ್ಲದ ಗಾಡಿ ತಂದು ನಿಲ್ಲಿಸಿದ್ದಾನೆ, ಹಿಂದೆ ಉಳಿದ ಹನ್ನೊಂದೂ ಸಾಲಾಗಿ ನಿಂತಿವೆ, ಬಸ್ಸಿನವರು ಹಾರ್ನ್ ಹೊಡೆಯುತ್ತಿದ್ದಾರೆ ಎಂದರು. ನೀವೂ ಬನ್ನಿ ಮೇಷ್ಟ್ರೇ, ಪುಸ್ತಕ ಮಾತ್ರ ಮನೆಯಲ್ಲೇ ಇರಲಿ ಎಂದೂ ಸೇರಿಸಿದರು.

ನಾನು ಹೋದಾಗ ಸಾಲು ಕರಗಿತ್ತು. ರೇವಣ್ಣ ನನ್ನ ಕಾರಿಗೂ ಮೂವತ್ತಮೂರು ತುಂಬಲು ಕೂತರು. ಎಲ್ಲಿಗೆ ಎಂದು ಅಭ್ಯಾಸಬಲದಿಂದ ಕೇಳಿ, ಅರ್ಧದಲ್ಲೇ ನಿಲ್ಲಿಸಿ, ಸುಮ್ಮನೆ ಪೈಪು ಸಿಕ್ಕಿಸಿದರು. ನನಗೆ ಸಂಕಟವಾಯಿತು. ನಲವತ್ತು ವರ್ಷ ದಾರಿಗಳನ್ನು ಬೆರಳ ತುದಿಯಲ್ಲಿಟ್ಟುಕೊಂಡ ಮನುಷ್ಯ ಇನ್ನು ಮುಂದೆ ಎಲ್ಲರಿಗೂ ಒಂದೇ ಅಂಕಿ ಹಾಕಬೇಕು. ಜೀಪುಗಳು ಇರುವ ತನಕ ಆ ಪ್ರಶ್ನೆ ಉಳಿದೀತು. ಆದರೂ ಸೋಮವಾರ ಬೆಳಿಗ್ಗೆ ಅವರು ಚಕ್ರಕ್ಕೆ ಕಿವಿಯಿಟ್ಟು ಕೂತ ಆ ಹೊತ್ತು ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಅಷ್ಟು ಜನರ ನಡುವೆ, ಅಂಗಡಿಯೇ ಹೋಗುವ ಹೊತ್ತಿನಲ್ಲಿ, ನಾನೂರು ಪುಟ ಹಿಡಿದುಕೊಂಡ ನನಗೆ ತಿಳಿಯದ್ದನ್ನು ಟೈರು ಅವರಿಗೆ ಹೇಳಿತ್ತಲ್ಲ. ನಾನು ಅವರ ಎಡಗಡೆ ಕೂತು, ಮರ್ಯಾದೆಯಿಂದ ದನಿ ತಗ್ಗಿಸಿ ಕೇಳಿದೆ:

"ರೇವಣ್ಣ, ನಿನ್ನೆ ಅಷ್ಟು ಹೊತ್ತು ಕಿವಿ ಇಟ್ಟಿದ್ರಲ್ಲ, ಟೈರು ನಿಮಗೆ ಏನು ಹೇಳ್ತು?"

ಅವರು ಪೈಪು ಕಳಚಿ, ಮುಚ್ಚಳ ತಿರುಗಿಸಿ, ನಿಧಾನವಾಗಿ ಹೇಳಿದರು.

"ಟೈರು ಏನ್ ಹೇಳ್ತದೆ ಮೇಷ್ಟ್ರೇ. ಒಂದು ಲಾರಿ ಟೈರು ಪಕ್ಕದಲ್ಲೇ ಸಿಡಿದು ಈ ಬಲಗಿವಿ ಕೇಳದು ನಿಂತು ಹದಿನಾಲ್ಕು ವರ್ಷ ಆಯ್ತು. ಬಾಗಿಲು ತೆಗ್ದಿತ್ತು, ಚೌಕಟ್ಟಲ್ಲಿ ಚೀಟಿ ಇತ್ತು, ಮೂವತ್ಮೂರು ಅಂತ ಓದ್ಕಂಡೆ. ಕಿವಿ ಇಡದು ಯಾಕಂದ್ರೆ, ಹಂಗೆ ಕೂತ್ರೆ ಗಿರಾಕಿಗಳು ಮಾತು ನಿಲ್ಸ್ತಾರೆ. ನಿಮ್ ಕಾರು ಬಂದಾಗ ಮಾತ್ರ ಎರಡು ಸಲ ಇಡ್ಬೇಕಾಯ್ತದೆ."